ಇಳಿಜಾರು ತೋಟದಲ್ಲಿ ಸ್ಪ್ರಿಂಕ್ಲರ್ ನೀರು ಎಷ್ಟು ದೂರ ಬೀಳುತ್ತೆ? ಮೊದಲು ಸಮಯ ಕಂಡುಹಿಡಿಯಿರಿ

ಪ್ರಶ್ನೆ: ನಾನು ಕೊಡಗಿನ ಸಿದ್ದಾಪುರದ ಕಡೆಯವನು, ಪ್ರಥಮ ಪಿಯುಸಿ ಓದುತ್ತಿದ್ದೇನೆ. ಪ್ರೊಜೆಕ್ಟೈಲ್ (ಎಸೆದ ವಸ್ತು) ಪಾಠದಲ್ಲಿ ಹಾರಾಟದ ಸಮಯಕ್ಕೂ ವ್ಯಾಪ್ತಿಗೂ, ಅಂದರೆ ಬೀಳುವ ದೂರಕ್ಕೂ, ಸೂತ್ರ ಕೊಟ್ಟಿದ್ದಾರೆ. 45 ಡಿಗ್ರಿಯಲ್ಲಿ ಎಸೆದರೆ ಅತಿ ದೂರ ಹೋಗುತ್ತೆ ಅಂತಲೂ ಇದೆ. ನಮ್ಮ ರೊಬಸ್ಟಾ ಕಾಫಿ ತೋಟದಲ್ಲಿ ಹೂ ಅರಳಲು ಸ್ಪ್ರಿಂಕ್ಲರ್ ಹಾಕಿದಾಗ ಅದೇ ಸೂತ್ರ ಹಾಕಿ ನೋಡಿದೆ. ಗೇಜ್ 2 ಕೆ.ಜಿ. ಪ್ರೆಷರ್ ತೋರಿಸುತ್ತೆ, ನಾಜಲ್ ಸುಮಾರು 30 ಡಿಗ್ರಿ ಓರೆ ಇದೆ. ಲೆಕ್ಕದಲ್ಲಿ 35 ಮೀಟರ್ ಬರುತ್ತೆ. ನೀರು ಅದರ ಅರ್ಧವೂ ಹೋಗಲ್ಲ. ಗುಡ್ಡದ ಮೇಲುಗಡೆ ಹತ್ತಿರ ಬೀಳುತ್ತೆ, ಕೆಳಗಡೆ ದೂರ ಬೀಳುತ್ತೆ. ಸೂತ್ರ ತಪ್ಪಾ, ನಾನು ತಪ್ಪಾ? ಇಳಿಜಾರಿನಲ್ಲಿ ಲೆಕ್ಕ ಹಾಕೋದು ಹೇಗೆ? ನಾಜಲ್ ಯಾಕೆ 45 ಡಿಗ್ರಿಯಲ್ಲಿ ಇರಲ್ಲ?

ಉತ್ತರ: ಸೂತ್ರವೂ ಸರಿ, ನಿಮ್ಮ ಗುಣಾಕಾರವೂ ಸರಿ. ಆದರೆ ಆ ಸೂತ್ರ ಎರಡು ಷರತ್ತುಗಳ ಮೇಲೆ ನಿಂತಿದೆ. ಎಸೆದ ವಸ್ತು ಹೊರಟ ಮಟ್ಟದಲ್ಲೇ ಬೀಳಬೇಕು. ಗಾಳಿ ಅದನ್ನು ತಡೆಯಬಾರದು. ನಿಮ್ಮ ತೋಟದಲ್ಲಿ ಎರಡೂ ಇಲ್ಲ. ನೆಲ ಇಳಿಜಾರು, ಹಾರುತ್ತಿರುವುದು ನೀರಿನ ಹನಿ. ಹೀಗಿರುವಾಗ ಸಿದ್ಧ ಸೂತ್ರವನ್ನು ಬದಿಗಿಟ್ಟು, ಅದು ಹುಟ್ಟಿದ ದಾರಿಯಲ್ಲೇ ಹೋಗೋಣ. ಆ ದಾರಿ ಗೊತ್ತಿದ್ದರೆ ಇಳಿಜಾರಿಗೆ ಬೇರೆ ಸೂತ್ರವನ್ನು ಬಾಯಿಪಾಠ ಮಾಡುವ ಕೆಲಸವೇ ಇಲ್ಲ.

ದಾರಿ ಇಷ್ಟೇ: ಮೊದಲು ಸಮಯ, ಆಮೇಲೆ ದೂರ. ಹೆಚ್ಚಿನ ವಿದ್ಯಾರ್ಥಿಗಳು ನೇರವಾಗಿ ದೂರದ ಸೂತ್ರಕ್ಕೆ ಕೈ ಹಾಕುತ್ತಾರೆ. ಅಲ್ಲೇ ಎಡವುತ್ತಾರೆ.

ಹಾರುವ ವಸ್ತುವಿನ ಚಲನೆಯನ್ನು ಎರಡು ಭಾಗ ಮಾಡಿ. ಒಂದು ಮೇಲೆ-ಕೆಳಗೆ, ಇನ್ನೊಂದು ಅಡ್ಡಕ್ಕೆ. ಭೂಮಿಯ ಸೆಳೆತ ಕೆಲಸ ಮಾಡುವುದು ಮೊದಲನೆಯದರ ಮೇಲೆ ಮಾತ್ರ. ಅಡ್ಡ ವೇಗ ಹೊರಟಾಗ ಎಷ್ಟಿತ್ತೋ ಕೊನೆಯವರೆಗೂ ಅಷ್ಟೇ ಇರುತ್ತೆ. ಈ ಎರಡೂ ಒಂದನ್ನೊಂದು ಕೆಡಿಸುವುದಿಲ್ಲ ಅಂತ 1638ರಲ್ಲಿ ಪ್ರಕಟಿಸಿದವರು ಗೆಲಿಲಿಯೊ. ಎಸೆದ ವಸ್ತುವಿನ ದಾರಿ ಪ್ಯಾರಾಬೋಲಾ ಅಂತ ಅವರು ತೋರಿಸಿದ್ದೂ ಇದೇ ಯೋಚನೆಯಿಂದ. ನಮ್ಮ ಪಠ್ಯದ ಸೂತ್ರಗಳೆಲ್ಲ ಇದರ ಮರಿಗಳು.

ಈಗ ವೇಗ ಬೇಕು. ಅದನ್ನು ಗೇಜ್‌ನಿಂದಲೇ ತೆಗೆಯಬಹುದು. 1 ಕೆ.ಜಿ. ಪ್ರೆಷರ್, ಅಂದರೆ ಚದರ ಸೆಂಟಿಮೀಟರಿಗೆ 1 ಕೆ.ಜಿ., ಹತ್ತು ಮೀಟರ್ ಎತ್ತರದ ನೀರಿನ ಒತ್ತಡಕ್ಕೆ ಸಮ. ಹಾಗಾದರೆ 2 ಕೆ.ಜಿ. ಅಂದರೆ 20 ಮೀಟರ್. ಆ ಒತ್ತಡದಲ್ಲಿ ನಾಜಲ್‌ನಿಂದ ಹೊರಡುವ ನೀರಿಗೆ, 20 ಮೀಟರ್ ಎತ್ತರದಿಂದ ಬಿದ್ದ ಕಲ್ಲಿಗೆ ಎಷ್ಟು ವೇಗ ಇರುತ್ತದೋ ಅಷ್ಟು ವೇಗ ಇರುತ್ತೆ. ಇದು ಗೆಲಿಲಿಯೊ ಅವರ ಶಿಷ್ಯ ಟೊರಿಸೆಲ್ಲಿ 1644ರಲ್ಲಿ ಪ್ರಕಟಿಸಿದ ನಿಯಮ. 2 × 9.8 × 20 ಅಂದರೆ 392. ಅದರ ವರ್ಗಮೂಲ 19.8. ಲೆಕ್ಕಕ್ಕೆ ಸೆಕೆಂಡಿಗೆ 20 ಮೀಟರ್ ಅಂತ ಇಟ್ಟುಕೊಳ್ಳೋಣ.

ಗೇಜ್ ಮೇಲೆ ನಂಬಿಕೆ ಇಲ್ಲದಿದ್ದರೆ ಬಕೆಟ್ ಇದೆ. ನಾಜಲ್‌ನ ತೂತು 5 ಮಿಲಿಮೀಟರ್ ಇದ್ದರೆ ಅದರ ಬಾಯಿಯ ವಿಸ್ತೀರ್ಣ 0.196 ಚದರ ಸೆಂಟಿಮೀಟರ್. ಅದರ ಮೇಲೆ ಸಡಿಲವಾಗಿ ಒಂದು ತುಂಡು ಹೋಸ್ ಪೈಪು ಹಿಡಿದು, ನೀರನ್ನು 10 ಲೀಟರ್ ಬಕೆಟ್‌ಗೆ ಬಿಡಿ. ತುಂಬಲು 26 ಸೆಕೆಂಡ್ ಹಿಡಿದರೆ ವೇಗ ಸೆಕೆಂಡಿಗೆ 19.6 ಮೀಟರ್. ನೀರಿನ ಪ್ರಮಾಣವನ್ನು ಸಮಯದಿಂದ ಭಾಗಿಸಿ, ಮತ್ತೆ ಬಾಯಿಯ ವಿಸ್ತೀರ್ಣದಿಂದ ಭಾಗಿಸಿದರೆ ಆಯ್ತು. ನಿಮ್ಮ ಸ್ಪ್ರಿಂಕ್ಲರ್‌ಗೆ ಎರಡು ನಾಜಲ್ ಇದ್ದರೆ ಎರಡರ ನೀರನ್ನೂ ಹಿಡಿಯಬೇಕು, ಎರಡರ ವಿಸ್ತೀರ್ಣವನ್ನೂ ಕೂಡಬೇಕು. ತೂತಿನ ಅಳತೆಯನ್ನು ಡ್ರಿಲ್ ಬಿಟ್ ತೂರಿಸಿ ನೋಡಿ. ಸ್ಕೇಲ್ ಇಟ್ಟು ಅಳೆದರೆ ತಪ್ಪುತ್ತೆ. ವ್ಯಾಸದಲ್ಲಿ ಆದ ತಪ್ಪು ವಿಸ್ತೀರ್ಣದಲ್ಲಿ ಎರಡರಷ್ಟಾಗುತ್ತೆ.

ಮೊದಲು ಸಮತಟ್ಟಾದ ನೆಲ ತಗೊಳ್ಳೋಣ. ಗಾಳಿಯ ತಡೆ ಇಲ್ಲ ಅಂತಲೇ ಇಟ್ಟುಕೊಳ್ಳಿ. 30 ಡಿಗ್ರಿ ಓರೆಯಲ್ಲಿ 20ರ ವೇಗವನ್ನು ಒಡೆದರೆ ಮೇಲ್ಮುಖ ವೇಗ 10, ಅಡ್ಡ ವೇಗ 17.32. ಮೇಲ್ಮುಖ ವೇಗ ಪ್ರತಿ ಸೆಕೆಂಡಿಗೆ 9.8ರಷ್ಟು ಕಡಿಮೆಯಾಗುತ್ತೆ. ಹಾಗಾಗಿ 1.02 ಸೆಕೆಂಡಿಗೆ ತುದಿ ಮುಟ್ಟುತ್ತೆ, ಅಷ್ಟೇ ಹೊತ್ತಿನಲ್ಲಿ ಕೆಳಗೆ ಬರುತ್ತೆ. ಒಟ್ಟು ಹಾರಾಟದ ಸಮಯ 2.04 ಸೆಕೆಂಡ್. ಇಷ್ಟು ಹೊತ್ತು ಸೆಕೆಂಡಿಗೆ 17.32ರಂತೆ ಅಡ್ಡಕ್ಕೆ ಹೋದರೆ 35.3 ಮೀಟರ್. ನಿಮಗೆ ಬಂದ ಉತ್ತರ ಇದೇ.

ಇಲ್ಲಿ ಒಂದು ವಿಷಯ ನನಗೆ ತುಂಬ ಇಷ್ಟ. ಒತ್ತಡವನ್ನು ನೀರಿನ ಎತ್ತರವಾಗಿ ಬರೆದುಕೊಂಡರೆ, ಸಮತಟ್ಟು ನೆಲದಲ್ಲಿ ವ್ಯಾಪ್ತಿ ಅಂದರೆ ಆ ಎತ್ತರದ ಎರಡರಷ್ಟನ್ನು ಓರೆಯ ದುಪ್ಪಟ್ಟಿನ ಸೈನ್‌ನಿಂದ ಗುಣಿಸಿದ್ದು. 9.8 ಮಾಯವಾಗಿಬಿಡುತ್ತೆ! 2 × 20 × ಸೈನ್ 60 ಅಂದರೆ 34.6 ಮೀಟರ್. ವೇಗವನ್ನು 19.8ರಿಂದ 20ಕ್ಕೆ ಏರಿಸಿಕೊಂಡೆವಲ್ಲ, ಸಣ್ಣ ವ್ಯತ್ಯಾಸ ಅದರಿಂದ ಬಂದದ್ದು. ವೇಗದ ಗೊಡವೆಯೇ ಇಲ್ಲದೆ ಗೇಜ್ ನೋಡಿ ಬಾಯಿಲೆಕ್ಕದಲ್ಲಿ ಹೇಳಬಹುದು. ಕೊಡಗಿನಲ್ಲಿ 9.8ರ ಬದಲು 9.78 ಹಾಕಬೇಕಾ ಅಂತ ಕೆಲವರು ಕೇಳುತ್ತಾರೆ. ಹಾಕಿದರೂ ಇಲ್ಲಿ ಏನೂ ಬದಲಾಗಲ್ಲ.

ಇನ್ನು ಇಳಿಜಾರು. ನಿಮ್ಮ ತೋಟದ ಓರೆ ಎಷ್ಟು ಅಂತ ನೀವು ಬರೆದಿಲ್ಲ. 15 ಡಿಗ್ರಿ ಅಂತ ಇಟ್ಟುಕೊಳ್ಳುತ್ತೇನೆ. ಅಂದರೆ ಅಡ್ಡಕ್ಕೆ 100 ಮೀಟರ್ ಹೋದರೆ ನೆಲ ಸುಮಾರು 27 ಮೀಟರ್ ಏರುತ್ತೆ.

ಹನಿ ಗುಡ್ಡದ ಮೇಲುಗಡೆಗೆ ಹಾರುತ್ತಿದೆ. ಅದರ ಅಡ್ಡ ವೇಗ ಸೆಕೆಂಡಿಗೆ 17.32 ಮೀಟರ್. ಹನಿಯ ಜೊತೆಜೊತೆಗೇ ಅದರ ನೇರ ಕೆಳಗಿನ ನೆಲವನ್ನು ನೋಡುತ್ತಾ ಹೋಗಿ. ಆ ನೆಲ ಸೆಕೆಂಡಿಗೆ 17.32 × 0.268, ಅಂದರೆ 4.64 ಮೀಟರ್‌ನಂತೆ ಮೇಲೆ ಬರುತ್ತಿದೆ. ಹನಿಯ ಮೇಲ್ಮುಖ ವೇಗ 10. ನೆಲದಿಂದ ಅದು ದೂರ ಸರಿಯುವ ವೇಗ 10 ಅಲ್ಲ, 10ರಲ್ಲಿ 4.64 ಕಳೆದು 5.36 ಮಾತ್ರ. ಈಗ ಸಮಯ ಹಿಡಿಯುವುದು ಸುಲಭ. 5.36ನ್ನು 9.8ರ ಅರ್ಧವಾದ 4.9ರಿಂದ ಭಾಗಿಸಿ. 1.09 ಸೆಕೆಂಡ್. ಅಷ್ಟು ಹೊತ್ತಿನಲ್ಲಿ ಅಡ್ಡಕ್ಕೆ ಹೋಗುವುದು 18.9 ಮೀಟರ್.

ಕೆಳಗಡೆಗೆ ಹಾರುವ ಹನಿಗೆ ಇದರ ಉಲ್ಟಾ. ನೆಲ ಸೆಕೆಂಡಿಗೆ 4.64ರಂತೆ ಜಾರಿಕೊಂಡು ಕೆಳಗೆ ಹೋಗುತ್ತಿದೆ. 10ಕ್ಕೆ 4.64 ಕೂಡಿಸಿ. 14.64ನ್ನು 4.9ರಿಂದ ಭಾಗಿಸಿದರೆ 2.99 ಸೆಕೆಂಡ್. ದೂರ 51.7 ಮೀಟರ್.

ನೋಡಿ, ಅದೇ ನಾಜಲ್, ಅದೇ ಪ್ರೆಷರ್. ಮೇಲುಗಡೆ 19 ಮೀಟರ್, ಕೆಳಗಡೆ 52 ಮೀಟರ್. ಗುಡ್ಡದ ಅಡ್ಡಕ್ಕೆ, ಅಂದರೆ ನೆಲದ ಮಟ್ಟ ಬದಲಾಗದ ದಿಕ್ಕಿನಲ್ಲಿ, ಅದೇ 35. ಅಡ್ಡ ವೇಗ ಎಲ್ಲ ಕಡೆ ಒಂದೇ. ಬದಲಾಗಿದ್ದು ಸಮಯ ಮಾತ್ರ. ಸಮಯವನ್ನು ಮೊದಲು ಹಿಡಿಯಿರಿ ಅಂತ ನಾನು ಒತ್ತಿ ಹೇಳುವುದು ಇದಕ್ಕೇ.

ಈ ದಾರಿಯಲ್ಲಿ ರೈಸರ್ ಪೈಪಿನ, ಅಂದರೆ ಸ್ಪ್ರಿಂಕ್ಲರ್ ಹೊತ್ತು ನಿಂತ ಪೈಪಿನ, ಎತ್ತರವನ್ನೂ ಸೇರಿಸಬಹುದು. ನಾಜಲ್ ನೆಲದಿಂದ 2 ಮೀಟರ್ ಮೇಲಿದ್ದರೆ, ಸಮತಟ್ಟು ನೆಲದಲ್ಲಿ ಹನಿ ಆ 2 ಮೀಟರನ್ನೂ ಇಳಿಯಬೇಕು. ವರ್ಗಸಮೀಕರಣ ಬಿಡಿಸಿದರೆ ಸಮಯ 2.22 ಸೆಕೆಂಡ್, ದೂರ 38.5 ಮೀಟರ್. ಮೂರು ಮೀಟರ್ ಜಾಸ್ತಿ, ಅಷ್ಟೇ.

ನಿಮ್ಮ ತೋಟಕ್ಕೆ ನಿಜಕ್ಕೂ ಉಪಯೋಗಕ್ಕೆ ಬರುವುದು ರೈಸರ್ ನಿಲ್ಲಿಸುವ ರೀತಿ. ಇಷ್ಟು ಹೊತ್ತು ಮಾಡಿದ ಲೆಕ್ಕದಲ್ಲಿ ರೈಸರ್ ತೂಗುಗುಂಡಿನ ಹಾಗೆ ನೆಟ್ಟಗೆ ಇದೆ. ಅದನ್ನು ಇಳಿಜಾರಿಗೆ ಲಂಬವಾಗಿ, ಅಂದರೆ ಕಣಿವೆಯ ಕಡೆಗೆ 15 ಡಿಗ್ರಿ ಬಾಗಿಸಿ ನಿಲ್ಲಿಸಿದರೆ ಏನಾಗುತ್ತೆ? ಮೇಲುಗಡೆಗೆ ತಿರುಗಿದಾಗ ನಾಜಲ್‌ನ ಓರೆ 45 ಡಿಗ್ರಿ ಆಗುತ್ತೆ, ಕೆಳಗಡೆಗೆ ತಿರುಗಿದಾಗ 15. ಮೇಲುಗಡೆಗೆ ಹನಿಯ ಮೇಲ್ಮುಖ ವೇಗ 14.14, ನೆಲ ಏರುವ ವೇಗ 3.79. ಸಮಯ 2.11 ಸೆಕೆಂಡ್. ಕೆಳಗಡೆಗೆ ಮೇಲ್ಮುಖ ವೇಗ 5.18, ನೆಲ ಇಳಿಯುವ ವೇಗವೂ 5.18. ಸಮಯ ಮತ್ತೆ 2.11 ಸೆಕೆಂಡ್! ಎರಡೂ ಕಡೆ ಹಾರಾಟದ ಸಮಯ ಒಂದೇ. ಇದು ಕಾಕತಾಳೀಯ ಅಲ್ಲ. ನೆಲಕ್ಕೂ ನಾಜಲ್‌ಗೂ ನಡುವಿನ ಕೋನ ಎರಡೂ ಕಡೆ 30 ಡಿಗ್ರಿಯೇ ಆಗಿರುವುದರಿಂದ ಹೀಗಾಗುತ್ತೆ. ದೂರ ಮಾತ್ರ ಒಂದೇ ಆಗುವುದಿಲ್ಲ. ಅಡ್ಡಕ್ಕೆ ಅಳೆದರೆ ಮೇಲುಗಡೆ 30 ಮೀಟರ್, ಕೆಳಗಡೆ 41. ಆದರೂ 19 ಮತ್ತು 52ರ ಅಂತರಕ್ಕೆ ಹೋಲಿಸಿದರೆ ಎಷ್ಟೋ ವಾಸಿ, ಅಲ್ವಾ?

ಹಾಗಂತ ರೈಸರ್ ಪೂರ್ತಿ ಬಾಗಿಸಿ ಅಂತ ನಾನು ಹೇಳುವುದಿಲ್ಲ. ಬಾಗಿದ ಪೈಪಿನ ಮೇಲೆ ಸ್ಪ್ರಿಂಕ್ಲರ್ ಒಂದೇ ಹದದಲ್ಲಿ ತಿರುಗದೇ ಹೋಗಬಹುದು. ಕಡಿದಾದ ಜಾಗದಲ್ಲಿ ಅರ್ಧದಷ್ಟು ಬಾಗಿಸುವುದು ನನ್ನ ಪ್ರಕಾರ ಒಳ್ಳೆಯದು. ಅಡಿಯಲ್ಲಿ ಗಟ್ಟಿಯಾದ ಆಧಾರ ಕೊಡದೆ ಬಾಗಿಸಬೇಡಿ.

45 ಡಿಗ್ರಿಯ ಮಾತಿಗೆ ಬರೋಣ. ಅತಿ ದೂರಕ್ಕೆ 45 ಅನ್ನುವುದು ಸಮತಟ್ಟು ನೆಲಕ್ಕೆ, ಗಾಳಿಯ ತಡೆ ಇಲ್ಲದಿದ್ದರೆ ಮಾತ್ರ. 15 ಡಿಗ್ರಿ ಗುಡ್ಡದ ಮೇಲುಗಡೆಗೆ ಎಸೆಯಬೇಕಾದರೆ ಉತ್ತಮ ಕೋನ 52.5 ಡಿಗ್ರಿ. ಕೆಳಗಡೆಗಾದರೆ 37.5. ಇಳಿಜಾರಿನ ಅರ್ಧವನ್ನು 45ಕ್ಕೆ ಕೂಡಿಸಬೇಕು, ಇಲ್ಲವೇ ಕಳೆಯಬೇಕು. ಗಾಳಿಯ ತಡೆ ಸೇರಿದರೆ ಉತ್ತಮ ಕೋನ ಇನ್ನೂ ತಗ್ಗುತ್ತೆ. ತುಂಬ ಮೇಲೆ ಹಾರಿದ ಹನಿ ಹೆಚ್ಚು ಹೊತ್ತು ಗಾಳಿಯಲ್ಲಿರುತ್ತೆ, ಅಡ್ಡ ವೇಗವನ್ನು ಕಳೆದುಕೊಳ್ಳುತ್ತಾ ಹೋಗುತ್ತೆ. ಜೊತೆಗೆ, ಎತ್ತರದಲ್ಲಿ ಗಾಳಿ ಬೀಸುವುದೂ ಜಾಸ್ತಿ. ನಮ್ಮ ತೋಟಗಳಲ್ಲಂತೂ ಮೇಲೆ ಸಿಲ್ವರ್ ಓಕ್ ಕೊಂಬೆ, ಮೆಣಸಿನ ಬಳ್ಳಿ. 45 ಡಿಗ್ರಿಯಲ್ಲಿ ಹಾರಿಸಿದರೆ ಅರ್ಧ ನೀರು ಅಲ್ಲೇ ಬಡಿದು ಬೀಳುತ್ತೆ. ಹಾಗಾಗಿ ಸ್ಪ್ರಿಂಕ್ಲರ್ ಮಾಡುವವರು 30 ಡಿಗ್ರಿಯ ಆಸುಪಾಸಿನಲ್ಲಿ, ಎಷ್ಟೋ ಸಲ ಅದಕ್ಕಿಂತ ಕಡಿಮೆಯಲ್ಲಿ ನಾಜಲ್ ಇಡುತ್ತಾರೆ.

ಉಳಿದದ್ದು ನಿಮ್ಮ ಮುಖ್ಯ ಪ್ರಶ್ನೆ. 35 ಮೀಟರ್ ಬರಬೇಕಾದ ಕಡೆ ಅರ್ಧವೂ ಯಾಕೆ ಬರಲ್ಲ? ಉತ್ತರ ಗಾಳಿಯ ತಡೆ. ಆದರೆ ಸುಮ್ನೆ ಗಾಳಿ ಅಂದುಬಿಟ್ಟರೆ ಸಾಲದು. ಎಷ್ಟು ತಡೆ ಅಂತ ನೋಡಬೇಕು.

ತಡೆಯನ್ನು ವಸ್ತುವಿನ ತೂಕಕ್ಕೆ ಹೋಲಿಸಿ ನೋಡಬೇಕು. ಹಾಕಿ ಚೆಂಡನ್ನು ತಗೊಳ್ಳಿ. 1997ರಲ್ಲಿ ಕರಡ ಗ್ರಾಮದಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬದಲ್ಲಿ ಸ್ಕೂಪ್ ಮಾಡಿ ಚೆಂಡನ್ನು ಎದುರಾಳಿಗಳ ತಲೆ ಮೇಲೆ ಹಾರಿಸುವುದನ್ನು ನೀವು ನೋಡಿರುತ್ತೀರಿ. ಚೆಂಡು ಸುಮಾರು 160 ಗ್ರಾಂ, ಅಡ್ಡಳತೆ 7 ಸೆಂಟಿಮೀಟರ್ ಚಿಲ್ಲರೆ. ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ಅದರ ಮೇಲೆ ಬೀಳುವ ಗಾಳಿಯ ತಡೆ, ಅದರ ತೂಕದ ಕಾಲುಭಾಗಕ್ಕಿಂತ ಸ್ವಲ್ಪ ಜಾಸ್ತಿ. 30 ಡಿಗ್ರಿಯಲ್ಲಿ ಹಾರಿಸಿದರೆ 35 ಮೀಟರ್ ಬದಲು ನಾಲ್ಕೈದು ಮೀಟರ್ ಹಿಂದೆ ಬೀಳುತ್ತೆ. ಪಠ್ಯದ ಸೂತ್ರ ಇಲ್ಲಿ ಪರವಾಗಿಲ್ಲ.

ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್ ಮುಹೂರ್ತದಲ್ಲಿ ಮರದ ತುದಿಯ ತೆಂಗಿನಕಾಯಿಗೆ ಗುಂಡು ಹೊಡೆಯುವುದಕ್ಕಂತೂ ಸಮಯದ ಲೆಕ್ಕವೇ ಸಾಕು. ಸೆಕೆಂಡಿಗೆ 350 ಮೀಟರ್‌ನಂತೆ ಹೋಗುವ ಗುಂಡು 30 ಮೀಟರ್ ದೂರದ ಕಾಯಿ ಮುಟ್ಟಲು ಒಂದು ಸೆಕೆಂಡಿನ ಹತ್ತನೇ ಒಂದು ಭಾಗವೂ ಬೇಡ. ಅಷ್ಟರಲ್ಲಿ ಗುಂಡು ಕೆಳಗೆ ಬೀಳುವುದು ಮೂರೂವರೆ ಸೆಂಟಿಮೀಟರ್ ಅಷ್ಟೇ.

ನೀರಿನ ಹನಿಯ ಕತೆ ಪೂರ್ತಿ ಬೇರೆ. 2 ಮಿಲಿಮೀಟರ್ ಅಡ್ಡಳತೆಯ ಒಂದು ಹನಿಯನ್ನು ಎತ್ತರದಿಂದ ಬಿಟ್ಟರೆ ಅದು ಸೆಕೆಂಡಿಗೆ ಆರೂವರೆ ಮೀಟರ್ ವೇಗಕ್ಕೆ ಬಂದು ಅಲ್ಲೇ ನಿಲ್ಲುತ್ತೆ. ಆ ವೇಗದಲ್ಲಿ ಗಾಳಿಯ ತಡೆ ಅದರ ತೂಕಕ್ಕೆ ಸಮ. ಮಳೆಹನಿ ಮೋಡದಿಂದ ಬಿದ್ದರೂ ನಮಗೆ ಪೆಟ್ಟಾಗದಿರುವುದು ಇದರಿಂದಲೇ. ಅದೇ ಹನಿ ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ಹೊರಟರೆ? ತಡೆ ಹೆಚ್ಚುಕಡಿಮೆ ವೇಗದ ವರ್ಗದ ಹಾಗೆ ಏರುತ್ತೆ. ಹನಿಯ ತೂಕದ ಸುಮಾರು ಏಳೆಂಟು ಪಟ್ಟು ಬಲ ಅದನ್ನು ಹಿಂದಕ್ಕೆ ತಳ್ಳುತ್ತೆ. ಭೂಮಿಯ ಸೆಳೆತ ಇಲ್ಲಿ ಚಿಕ್ಕ ಪಾಲುದಾರ. ಸೆಕೆಂಡಿನ ಹತ್ತನೇ ಮೂರು ಭಾಗ ಕಳೆಯುವಷ್ಟರಲ್ಲಿ ವೇಗ ಅರ್ಧಕ್ಕಿಂತ ಕೆಳಗೆ ಇಳಿದಿರುತ್ತೆ. ಒಂಟಿ ಹನಿಯಾಗಿ ನಾಜಲ್ ಬಿಟ್ಟಿದ್ದರೆ ಅದು ಹತ್ತು ಮೀಟರ್ ಕೂಡ ಹೋಗುತ್ತಿರಲಿಲ್ಲ.

ನಿಮ್ಮ ಸ್ಪ್ರಿಂಕ್ಲರ್ ಅದಕ್ಕಿಂತ ದೂರ ಹಾಕುತ್ತಿರುವುದಕ್ಕೆ ಕಾರಣವಿದೆ. ನೀರು ಹನಿಹನಿಯಾಗಿ ಹೊರಡುವುದಿಲ್ಲ. ಒಂದು ಕಡ್ಡಿಯಂತೆ ಒಟ್ಟಾಗಿ ಹೊರಡುತ್ತೆ. ಹತ್ತಿರ ನಿಂತು ಗಮನಿಸಿ. ಬಾಯಿಯ ಬಳಿ ಗಾಜಿನ ಹಾಗೆ ತಿಳಿಯಾಗಿರುತ್ತೆ. ಸ್ವಲ್ಪ ಮುಂದೆ ಅಂಚು ಬೆಳ್ಳಗಾಗುತ್ತೆ, ಆಮೇಲೆ ತುಂಡುತುಂಡಾಗಿ ಒಡೆಯುತ್ತೆ. ಒಡೆಯುವವರೆಗೆ ಮುಂದಿನ ನೀರು ಗಾಳಿಯನ್ನು ಸೀಳಿಕೊಡುತ್ತೆ, ಹಿಂದಿನ ನೀರಿಗೆ ತಡೆ ಕಡಿಮೆ. ಒಡೆದ ಮೇಲೆ ದೊಡ್ಡ ಹನಿಗಳು ದೂರ ಹೋಗುತ್ತವೆ, ಸಣ್ಣವು ಹತ್ತಿರವೇ ಬೀಳುತ್ತವೆ. ಸ್ಪ್ರಿಂಕ್ಲರ್‌ನ ಸುತ್ತಲೂ ನೀರು ಬೀಳುವುದು ಈ ವ್ಯತ್ಯಾಸದಿಂದ. ಎಲ್ಲ ಹನಿಗೂ ಪಠ್ಯದ ಸೂತ್ರ ಒಪ್ಪಿದ್ದರೆ ನೀರೆಲ್ಲ 35 ಮೀಟರ್ ದೂರದಲ್ಲಿ ಒಂದು ಬಳೆಯ ಹಾಗೆ ಬಿದ್ದು, ನಡುವಿನ ಗಿಡಗಳು ಒಣಗಿರುತ್ತಿದ್ದವು.

ಪ್ರೆಷರ್ ಜಾಸ್ತಿ ಮಾಡಿದರೆ ದೂರ ಹೋಗಲ್ವಾ ಅಂತ ನೀವು ಮುಂದಿನ ಪ್ರಶ್ನೆ ಕೇಳಬಹುದು. ಸ್ವಲ್ಪ ಹೋಗುತ್ತೆ. ಆದರೆ ಜಾಸ್ತಿ ಪ್ರೆಷರ್‌ಗೆ ನೀರು ಇನ್ನೂ ಸಣ್ಣದಾಗಿ ಒಡೆಯುತ್ತೆ. ಒಂದು ಹಂತ ದಾಟಿದ ಮೇಲೆ ಮಂಜಿನ ಹಾಗಾಗಿ ಗಾಳಿಯಲ್ಲೇ ತೇಲಿಹೋಗುತ್ತೆ. ಇಳಿಜಾರು ತೋಟದಲ್ಲಿ ಇದನ್ನು ಮರೆಯುವ ಹಾಗಿಲ್ಲ. 15 ಡಿಗ್ರಿ ಇಳಿಜಾರಿನಲ್ಲಿ 100 ಮೀಟರ್ ಉದ್ದದ ಲೈನ್ ನೇರ ಕೆಳಕ್ಕೆ ಎಳೆದರೆ ಮಟ್ಟದ ವ್ಯತ್ಯಾಸ 26 ಮೀಟರ್. ಪೈಪಿನೊಳಗಿನ ಘರ್ಷಣೆ ಬಿಟ್ಟರೆ ಕೆಳಗಿನ ತುದಿಯಲ್ಲಿ 2.6 ಕೆ.ಜಿ. ಪ್ರೆಷರ್ ಜಾಸ್ತಿ. ಮೇಲೆ 2 ಇದ್ದರೆ ಕೆಳಗೆ 4.6. ನೀರಿನ ವೇಗ 20ರಿಂದ 30ಕ್ಕೆ ಏರುತ್ತೆ. ಮೇಲಿನ ಗಿಡಕ್ಕೆ ನೀರು ಸಾಲದೆ, ಕೆಳಗಿನದಕ್ಕೆ ಹೆಚ್ಚಾಗುವುದು ಇದರಿಂದಲೂ ಇರಬಹುದು. ಲೈನ್‌ಗಳನ್ನು ಗುಡ್ಡದ ಅಡ್ಡಕ್ಕೆ, ಒಂದೇ ಮಟ್ಟದಲ್ಲಿ ಎಳೆಯಿರಿ ಅನ್ನುವುದು ಈ ಕಾರಣಕ್ಕೆ.

ಗಾಳಿಯ ತಡೆ ಸೇರಿದರೆ ಇಳಿಜಾರಿನ ಲೆಕ್ಕಕ್ಕೆ ಏನಾಗುತ್ತೆ? ಮೇಲುಗಡೆ 19, ಕೆಳಗಡೆ 52 ಎನ್ನುವ ಅಷ್ಟು ದೊಡ್ಡ ಅಂತರ ನಿಮಗೆ ಕಾಣುವುದಿಲ್ಲ. ಅಡ್ಡ ವೇಗ ಕಳೆದುಕೊಂಡ ಹನಿ ಕೊನೆಯಲ್ಲಿ ಹೆಚ್ಚುಕಡಿಮೆ ನೇರ ಕೆಳಕ್ಕೆ ಬೀಳುತ್ತೆ. ನೇರ ಬೀಳುವ ಹನಿಗೆ ನೆಲ ಸ್ವಲ್ಪ ಮೇಲಿದ್ದರೂ ಕೆಳಗಿದ್ದರೂ ಅಡ್ಡ ದೂರದಲ್ಲಿ ಜಾಸ್ತಿ ಬದಲಾವಣೆ ಇಲ್ಲ. ಹಾಗಾಗಿ ಅಂತರ ಇರುತ್ತೆ, ಆದರೆ ಲೆಕ್ಕ ಹೇಳಿದಷ್ಟು ಇರಲ್ಲ. ಮಡಿಕೇರಿಯ ಎತ್ತರದಲ್ಲಿ ಗಾಳಿ ಸಮುದ್ರಮಟ್ಟಕ್ಕಿಂತ ಸುಮಾರು 10 ಶೇಕಡಾ ತೆಳು. ಅದರಿಂದ ಹನಿಗೆ ಒಂಚೂರು ಸಹಾಯ ಆಗುತ್ತೆ, ಅಷ್ಟೇ.

ಗಾಳಿಯ ತಡೆ ಇದ್ದಾಗ ಸಮಯಕ್ಕೆ ಸರಳ ಸೂತ್ರ ಸಿಗುವುದಿಲ್ಲ. ಆದರೆ ದಾರಿ ಅದೇ. ಮೊಬೈಲ್‌ನ ಎಕ್ಸೆಲ್ ಶೀಟ್‌ನಲ್ಲಿ ಸೆಕೆಂಡಿನ ನೂರನೇ ಒಂದು ಭಾಗದಷ್ಟು ಚಿಕ್ಕ ಹೆಜ್ಜೆ ಹಾಕುತ್ತಾ ಹೋಗಿ. ಪ್ರತಿ ಸಾಲಿನಲ್ಲಿ ಈಗಿನ ಒಟ್ಟು ವೇಗ ತಗೊಳ್ಳಿ. ಅದನ್ನು 6.5ರಿಂದ ಭಾಗಿಸಿ, ವರ್ಗ ಮಾಡಿ, 9.8ರಿಂದ ಗುಣಿಸಿ. ಗಾಳಿಯಿಂದ ಆಗುವ ಹಿನ್ನಡೆ ಸುಮಾರಾಗಿ ಅದು. ಅದನ್ನು ಅಡ್ಡಕ್ಕೂ ಮೇಲಕ್ಕೂ ಆಯಾ ವೇಗದ ಪಾಲಿನಂತೆ ಹಂಚಿ. ಮೇಲಿನ ಪಾಲಿಗೆ ಭೂಮಿಯ 9.8 ಸೇರಿಸಿ. ಹೊಸ ವೇಗ, ಹೊಸ ಜಾಗ ಬರೆಯಿರಿ. ಹನಿಯ ಎತ್ತರ ನೆಲದ ಎತ್ತರಕ್ಕಿಂತ ಕೆಳಗೆ ಹೋದ ಸಾಲೇ ನಿಮ್ಮ ಹಾರಾಟದ ಸಮಯ. ಅದರ ಪಕ್ಕದಲ್ಲಿರುವುದೇ ದೂರ. ನೆಲದ ಎತ್ತರಕ್ಕೆ ಇಳಿಜಾರಿನ ಗೆರೆ ಹಾಕಿದರೆ ನಿಮ್ಮ ಗುಡ್ಡವೂ ಅದರೊಳಗೆ ಬಂತು. 2 ಮಿಲಿಮೀಟರ್ ಹನಿಗೆ 6.5 ಹಾಕಿದ ಹಾಗೆ 3 ಮಿಲಿಮೀಟರ್ ಹನಿಗೆ 8, 5 ಮಿಲಿಮೀಟರ್ ಹನಿಗೆ 9 ಹಾಕಿ ನೋಡಿ.

ಪರೀಕ್ಷೆಯಲ್ಲಿ ಗಾಳಿಯ ಮಾತು ಎತ್ತಬೇಕಿಲ್ಲ. ಪ್ರಶ್ನೆಯಲ್ಲಿ ನೆಲ ಸಮತಟ್ಟಾ, ಕಟ್ಟಡದ ಮೇಲಿನಿಂದ ಎಸೆದದ್ದಾ, ಇಳಿಜಾರಾ ಅಂತ ಮೊದಲು ನೋಡಿ. ಆಮೇಲೆ ಸಮಯ, ಕೊನೆಗೆ ದೂರ.

ತೋಟದಲ್ಲಿ ಲೆಕ್ಕಕ್ಕಿಂತ ಡಬ್ಬಿ ನಂಬಿ. ಒಂದೇ ಅಳತೆಯ, ನೇರ ಅಂಚಿನ ಡಬ್ಬಿಗಳನ್ನು ಸ್ಪ್ರಿಂಕ್ಲರ್‌ನಿಂದ ಮೇಲುಗಡೆ ಒಂದು ಸಾಲು, ಕೆಳಗಡೆ ಒಂದು ಸಾಲು, 2 ಮೀಟರ್‌ಗೊಂದರಂತೆ ಇಡಿ. ಇಳಿಜಾರಿನಲ್ಲಿ ಡಬ್ಬಿ ವಾಲಬಾರದು, ಅಡಿಗೆ ಮಣ್ಣು ಕೊಟ್ಟು ಮಟ್ಟ ಮಾಡಿ. ಗಾಳಿ ಕಡಿಮೆ ಇರುವ ಬೆಳಗಿನ ಜಾವ ಒಂದು ಗಂಟೆ ನೀರು ಬಿಟ್ಟು, ಪ್ರತಿ ಡಬ್ಬಿಯಲ್ಲಿ ಎಷ್ಟು ಮಿಲಿಮೀಟರ್ ನಿಂತಿದೆ ಅಂತ ಸ್ಕೇಲ್ ಇಟ್ಟು ಬರೆದುಕೊಳ್ಳಿ. ರೊಬಸ್ಟಾ ಹೂವಿಗೆ ಒಂದರಿಂದ ಒಂದೂವರೆ ಇಂಚು, ಅಂದರೆ 25ರಿಂದ 40 ಮಿಲಿಮೀಟರ್ ನೀರು ಬೇಕು. ಒಂದು ಗಂಟೆಯ ಅಳತೆಯನ್ನು ನೀವು ನೀರು ಬಿಡುವ ಗಂಟೆಗಳಿಂದ ಗುಣಿಸಿ, ಪಕ್ಕದ ಸ್ಪ್ರಿಂಕ್ಲರ್‌ನಿಂದ ಬೀಳುವುದನ್ನೂ ಕೂಡಿಸಿ, ಎಲ್ಲಿ ಅದು ತುಂಬುವುದಿಲ್ಲವೋ ಅಲ್ಲಿಗೆ ಮುಂದಿನ ರೈಸರ್ ಹತ್ತಿರ ತನ್ನಿ. ಮೇಲುಗಡೆಯ ಅಂತರ ಕಡಿಮೆ, ಕೆಳಗಡೆಯದು ಜಾಸ್ತಿ ಇಡಬೇಕಾಗುತ್ತೆ ಅಂತ ಅಪ್ಪನಿಗೆ ಮೊದಲೇ ಹೇಳಿಡಿ.